ಕಪ್ಪಾಗಿಯೇ ಉಳಿದ ಸಾಲುಗಳು

ಅರ್ಧ ಓಣಿಯವರೆಗೆ ಗಂಜಿ ಹಚ್ಚಿ ಮುಗಿದಿತ್ತು. ಮಗ್ಗಕ್ಕೇರಿಸಬೇಕಾದ ಹಾಸಿನ ಎಳೆಗಳನ್ನು ಈ ತುದಿಯ ಬೇವಿನ ಮರದಿಂದ ಆ ತುದಿಯ ನಲ್ಲಿಕಟ್ಟೆಯವರೆಗೆ ಎಳೆದು ಕಟ್ಟಿ, ನಾನು ಎಡಕ್ಕೆ, ಸೊಸೆ ಬಲಕ್ಕೆ ನಿಂತು ಕುಂಚ ಆಡಿಸುತ್ತ ಬಂದಿದ್ದೆವು. ಗಂಜಿ ಹಚ್ಚಿದ ಮೇಲೆ ಬಿಸಿಲೇರುವುದರೊಳಗೆ ಎಳೆಯಿಂದ ಎಳೆಯನ್ನು ಬಿಡಿಸುತ್ತ ಹೋಗಬೇಕು. ನಡುವೆ ನಿಂತರೆ ಒಂದಕ್ಕೊಂದು ಅಂಟಿಕೊಂಡು ಹಗ್ಗವಾಗುತ್ತವೆ. ಅಂಥ ಹೊತ್ತಿನಲ್ಲೇ ನೀರು ತರುತ್ತೇನೆಂದು ಹೋದ ಸೊಸೆ ದಾನೇಶ್ವರಿ ತಿರುಗಿ ಬರಲಿಲ್ಲ.

ಹೋಗಿ ನೋಡಿದರೆ ತುಂಬಿದ ಕೊಡ ಕಟ್ಟೆಯ ಮೇಲಿದೆ. ಕೊಡದ ಪಕ್ಕದಲ್ಲಿ ಅವಳು, ಅವಳ ತೊಡೆಯ ಮೇಲೆ ಓದುಹಲಗೆ.

"ದಾನವ್ವಾ, ಎಳಿ ಅಂಟಾಕತ್ಯಾವು!"

"ಬಂದೆ ಅತ್ತಿ. ಇದೊಂದು ಸಾಲು ಮುಗಿಸಿ..."

"ಆ ಸಾಲೇನು ಓಡಿ ಹೋಗತೈತೇನು?"

"ಓಡಿ ಹೋಗತೈತ್ರಿ," ಎಂದಳು ತಲೆ ಎತ್ತದೆ. "ನನ್ನ ಕಣ್ಣ ಮುಂದಿಂದನ ಓಡಿ ಹೋಗತೈತಿ. ಬೆನ್ನ ಹತ್ತೇನಿ."

ನಗು ಬಂದರೂ ಮುಖ ಗಂಟಿಕ್ಕಿಕೊಂಡೇ ಅವಳನ್ನು ಎಬ್ಬಿಸಿಕೊಂಡು ಬಂದೆ. ಆ ದಿನ ಒಂದು ಮಾರು ಎಳೆ ಹಾಳಾಯಿತು. ಅವಳು ಮಧ್ಯಾಹ್ನದವರೆಗೆ ಕೂತು, ಅಂಟಿದ್ದನ್ನೆಲ್ಲ ಉಗುರಿನಿಂದ ಬಿಡಿಸಿದಳು.

ದಾನೇಶ್ವರಿಯ ಮನಸ್ಸು ಹಾಗೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನದನ್ನು ಉಡಾಫೆ ಎಂದುಕೊಂಡು ಬಾಯಿಗೆ ಬಂದಂತೆ ಬೈದವಳು. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದರೆ ಹಾಲಿನ ನೆನಪು ಹಿತ್ತಲಿಗೆ ಬರುತ್ತಿರಲಿಲ್ಲ. ಹೇಳುತ್ತಿದ್ದ ಮಾತಿನ ನಡುವೆ ಹಕ್ಕಿಯೊಂದು ಕೂಗಿದರೆ ಮಾತು ಹಕ್ಕಿಯ ಹಿಂದೆ ಹೋಗುತ್ತಿತ್ತು. ಆದರೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಳೆಂದರೆ ಆಕೆ ಬೇರೆಯೇ ಹೆಂಗಸು. ಸಾವಿರಾರು ಎಳೆಗಳಲ್ಲಿ ಒಂದು ಹರಿದರೆ, ನಾನು ಕನ್ನಡಕ ಹುಡುಕುವುದರೊಳಗೆ ಅವಳ ಬೆರಳು ಅಲ್ಲಿರುತ್ತಿತ್ತು. ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಆಗ ಕೈಮಗ್ಗ ಉಳಿದಿದ್ದುದು ನಾಲ್ಕೇ ಮನೆಗಳಲ್ಲಿ. ಅವಳಂತೆ ಕುಪ್ಪಸದ ಖಣ ನೇಯುವವರು ಆ ನಾಲ್ಕರಲ್ಲೂ ಇರಲಿಲ್ಲ.

ಈ ಓದುಹಲಗೆ ನಮ್ಮ ಮನೆಗೆ ಹೇಗೆ ಬಂತೆಂದು ಹೇಳಬೇಕು.

ಜನ ಓದುವುದನ್ನು ಬಿಟ್ಟು ಕೇಳುವುದಕ್ಕೆ ಬಿದ್ದು ಆಗಲೇ ಇಪ್ಪತ್ತು ವರ್ಷವಾಗಿತ್ತು. ಅರ್ಜಿ, ಔಷಧಿ ಚೀಟಿ, ಮದುವೆ ಕರೆಯೋಲೆ ಎಲ್ಲವನ್ನೂ ಕಿವಿಯಲ್ಲಿ ಸಿಕ್ಕಿಸಿಕೊಂಡ ಗುಂಡಿಯೇ ಓದಿ ಹೇಳುತ್ತಿತ್ತು. ಓದಬೇಕೆಂದು ಕೂತ ಮಕ್ಕಳ ಕಣ್ಣು ಒಂದು ಪುಟದ ಮೇಲೆ ನಿಲ್ಲದಂತಾಗಿತ್ತು. ಶಾಲೆಗಳು ಮಕ್ಕಳನ್ನು ಎರಡಾಗಿ ವಿಂಗಡಿಸಿದವು. ಕಣ್ಣು ನಿಲ್ಲುವವರು ಓದುವ ತರಗತಿಗೆ, ನಿಲ್ಲದವರು ಕೇಳುವ ತರಗತಿಗೆ. ಕೇಳುವ ತರಗತಿಯಲ್ಲಿ ಪುಸ್ತಕವಿಲ್ಲ, ಅಕ್ಷರ ತಿದ್ದಿಸುವುದಿಲ್ಲ. ಒಮ್ಮೆ ಅಲ್ಲಿಗೆ ಹೋದ ಮಗು ಈಚೆಗೆ ಬಂದದ್ದನ್ನು ನಾನು ಕಂಡಿಲ್ಲ.

ಅಂಥ ಮಕ್ಕಳಿಗಾಗಿಯೇ ಧಾರವಾಡದ ಅವಧಾನ ಕೇಂದ್ರದವರು ಈ ಹಲಗೆ ಮಾಡಿದ್ದರು. ನೋಡಲು ನಮ್ಮ ಕಾಲದ ಪಾಟಿಯಷ್ಟೇ. ಮೇಲಿನ ಎರಡು ಮೂಲೆಗಳಲ್ಲಿ ಎಳ್ಳಿನ ಗಾತ್ರದ ಎರಡು ಕಣ್ಣು. ಓದುವವರ ಕಣ್ಣು ಯಾವ ಪದದ ಮೇಲೆ ಎಷ್ಟು ಹೊತ್ತು ತಂಗಿತು ಎಂಬುದನ್ನು ಅವು ಅಳೆಯುತ್ತವೆ. ಮನಸ್ಸಿಟ್ಟು ಓದುವಾಗ ಸುಲಭದ ಪದದ ಮೇಲೆ ಕಣ್ಣು ಸರಕ್ಕನೆ ಜಾರುತ್ತದೆ, ಕಠಿಣ ಪದದ ಮೇಲೆ ಅರೆಗಳಿಗೆ ನಿಲ್ಲುತ್ತದೆ. ಮನಸ್ಸು ಬೇರೆಲ್ಲೋ ಇದ್ದರೆ ಎಲ್ಲ ಪದಗಳ ಮೇಲೂ ಒಂದೇ ವೇಗದಲ್ಲಿ ಸಾಗುತ್ತದೆ, ಗೊತ್ತಿಲ್ಲದ ಊರಿನಲ್ಲಿ ಬಸ್ಸಿನ ಕಿಟಕಿಯಿಂದ ಅಂಗಡಿಗಳನ್ನು ನೋಡಿದ ಹಾಗೆ. ಮನಸ್ಸಿಟ್ಟು ಓದಿದ ಸಾಲು ಕಪ್ಪಿನಿಂದ ನೀಲಿಗೆ ತಿರುಗುತ್ತದೆ. ಬರೀ ಕಣ್ಣು ಹಾಯಿಸಿದ ಸಾಲು ಕಪ್ಪಾಗಿಯೇ ಉಳಿಯುತ್ತದೆ. ಪುಟ ಮುಗಿದಾಗ ಎಷ್ಟು ಓದಿದೆವೆಂದು ಯಾರೂ ಹೇಳಬೇಕಿಲ್ಲ.

ನನ್ನ ಮೊಮ್ಮಗಳು ಇಂಚರಾಳಿಗೆ ಆಗ ಏಳು ವರ್ಷ. ಅವಳ ಕಣ್ಣೂ ನಿಲ್ಲುವುದಿಲ್ಲವೆಂದು ಶಾಲೆಯವರು ಹೇಳಿದರು. ದೀಪಾವಳಿಯ ಮುಂದೆ ಮೂವತ್ತನಾಲ್ಕು ಪುಟಗಳ ಒಪ್ಪಿಗೆ ಪತ್ರವನ್ನು ಒಂದು ಹಲಗೆಯಲ್ಲಿ ತುಂಬಿ ತಾಯಿಯ ಹೆಸರಿಗೆ ಕಳಿಸಿದರು, ಅದು ಅಳೆಯುವುದು ತಾಯಿಯ ಕಣ್ಣನ್ನು ಮಾತ್ರ. ಓದಿ, ಕೆಳಗೆ ಹೆಬ್ಬೆರಳು ಒತ್ತಿದರೆ ಮಗುವಿಗೆ ಹಲಗೆಯ ಶಿಕ್ಷಣ ಶುರು. ಮುಂದಿನ ದಸರಾ ರಜೆಯೊಳಗೆ ಉತ್ತರ ಬಾರದಿದ್ದರೆ ಕೇಳುವ ತರಗತಿ.

ಊರಿನವರೆಲ್ಲ ಪತ್ರ ಬಂದ ದಿನವೇ ಹೆಬ್ಬೆರಳು ಒತ್ತಿದ್ದರು. ದಾನೇಶ್ವರಿ ಒತ್ತಲಿಲ್ಲ.

"ಒತ್ತಾಕ ಎಷ್ಟು ಹೊತ್ತು ಬೇಕಲೇ?" ಎಂದು ರೇಗಿದ ನನ್ನ ಮಗ ಶಿವಪುತ್ರ. ಅವನು ಊರಿನ ನೀರಿನ ಟ್ಯಾಂಕು ನೋಡಿಕೊಳ್ಳುವ ಕೆಲಸದಲ್ಲಿದ್ದ. ವಾಲ್ವು ತಿರುಗಿಸಿದಷ್ಟು ಸಲೀಸಾಗಿ ಎಲ್ಲವೂ ಆಗಬೇಕು ಅವನಿಗೆ. "ಊರ ಮಂದಿಯೆಲ್ಲಾ ಒತ್ಯಾರ."

"ಊರ ಮಂದಿ ಮಕ್ಕಳನ್ನ ನಾ ಹಡದಿಲ್ಲ. ಇಕಿನ್ನ ಹಡದೇನಿ. ಓದಿ ಒತ್ತತೇನಿ."

"ನೀ ಓದೂದು, ಅದು ಮುಗಿಯೂದು! ಅಷ್ಟೊತ್ತಿಗೆ ಇಕಿ ಲಗ್ನಾ ಆಗಿರತೈತಿ."

"ಆಗ ನಿಮ್ಮ ಅಳಿಯಾಗ ಓದಿ ಹೇಳತೇನಿ ಬಿಡ್ರಿ."

ಅದನ್ನು ನಾನೇ ಓದಿಕೊಡುತ್ತೇನೆಂದೆ. ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು. ಕಲಿತ ಮೇಲೆ ಕೈಗೆ ಸಿಕ್ಕಿದ್ದನ್ನು ಬಿಟ್ಟವಳಲ್ಲ. ಒಂದು ಮಧ್ಯಾಹ್ನದಲ್ಲಿ ಮೂವತ್ತನಾಲ್ಕೂ ಪುಟ ಓದಿ, "ಎಲ್ಲಾ ಚಲೋನ ಐತಿ, ಒತ್ತವಾ" ಎಂದೆ.

"ನೀವು ಓದಿದ್ದು ನಿಮ್ಮ ಹೊಟ್ಟೀಗಿ ಆತ್ರಿ ಅತ್ತಿ," ಎಂದಳು. "ನಾ ಓದದನ ಮಗಳಿಗೆ ಓದು ಅಂತ ಯಾವ ಬಾಯಿಲೆ ಹೇಳ್ಲಿ?"

ನಾನು ಹಲಗೆಯನ್ನು ಅವಳ ಕೈಗೇ ಕೊಟ್ಟೆ.

ಮೊದಮೊದಲು ಅವಳು ಎಲ್ಲರೂ ಮಾಡುವಂತೆಯೇ ಮಾಡಿ ನೋಡಿದಳು. ಬೆಳಿಗ್ಗೆ ಒಂದು ತಾಸು ಓದುತ್ತೇನೆಂದು ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷಕ್ಕೆ ಬಾಗಿಲ ಹಿಂದೆ ಪಾತ್ರೆ ತೊಳೆಯುವ ಸಪ್ಪಳ ಕೇಳಿತು. ಫೋನನ್ನು ಪಕ್ಕದ ಮನೆಯಲ್ಲಿಟ್ಟು ಬಂದಳು. ಅದನ್ನು ತರಲು ಹೋಗಿ ಅಲ್ಲೇ ಹರಟೆಗೆ ನಿಂತಳು. ಗಂಜಿಯ ದಿನ ಕಟ್ಟೆಯ ಮೇಲೆ ಕೂತದ್ದೂ ಅಂಥದ್ದೇ ಒಂದು ಪ್ರಯತ್ನ. ಅದಾದ ಮರುದಿನ, ಯಾರಿಗೂ ಹೇಳದೆ, ಹಲಗೆಯನ್ನು ತಂದು ಮಗ್ಗದ ಕಂಬಕ್ಕೆ ಕಟ್ಟಿಬಿಟ್ಟಳು.

ಮಗ್ಗದಲ್ಲಿ ಅತ್ತಿಂದಿತ್ತ ಓಡಾಡುವ ಲಾಳಿಯ ಹೊಟ್ಟೆಯಲ್ಲಿ ಹೊಕ್ಕಿನ ನೂಲು ಸುತ್ತಿದ ಸಣ್ಣ ಕೊಳವೆ ಇರುತ್ತದೆ. ಅದನ್ನು ಕಂಡಿಕೆ ಎನ್ನುತ್ತೇವೆ. ನೂಲು ತೀರಿದಾಗ ಮಗ್ಗ ನಿಲ್ಲಿಸಿ ಹೊಸ ಕಂಡಿಕೆ ಹಾಕಬೇಕು. ಆ ನಿಲುಗಡೆಯನ್ನು ಅವಳು ಹಿಡಿದುಕೊಂಡಳು. ಕಂಡಿಕೆ ತೀರಿತು, ಹಲಗೆಯಲ್ಲಿ ಮೂರು ಸಾಲು. ಮತ್ತೆ ಲಾಳಿ. ಮತ್ತೆ ತೀರಿತು, ಮತ್ತೆ ಮೂರು ಸಾಲು. ಮೂರಕ್ಕಿಂತ ಹೆಚ್ಚು ಓದಬೇಕೆನಿಸಿದರೂ ಓದುತ್ತಿರಲಿಲ್ಲ, ಮನಸ್ಸಿಗೆ ಇಳಿಯದಿದ್ದರೆ ಅವೇ ಮೂರನ್ನು ಎಷ್ಟು ಸಲವಾದರೂ ಓದುತ್ತಿದ್ದಳು.

"ಇನ್ನೊಂದು ಓದಲಾ, ಹೆಂಗೂ ಕುಂತೀದಿ," ಎಂದೆ ಒಮ್ಮೆ.

"ಬ್ಯಾಡ್ರಿ. ಇವತ್ತ ನಾಕು ಓದಿದ್ರ ನಾಳೆ ಮೂರಕ್ಕ ಬ್ಯಾಸರಾಗತೈತಿ."

ಕಂಡಿಕೆ ಸುತ್ತುವವಳು ನಾನು. ವಾರ ಕಳೆದ ಮೇಲೆ ರಾಟೆಯ ಹತ್ತಿರ ಬಂದು ಮೆಲ್ಲಗೆ, "ಅತ್ತಿ, ಕಂಡಿಕಿ ಸ್ವಲ್ಪ ಸಣ್ಣವು ಸುತ್ತರಿ," ಎಂದಳು. ಯಾಕೆಂದು ಕೇಳಲು ಬಾಯಿ ತೆರೆದವಳಿಗೆ ತಾನಾಗಿ ತಿಳಿಯಿತು. ಸಣ್ಣದು ಬೇಗ ತೀರುತ್ತದೆ. ಬೇಗ ತೀರಿದರೆ ಇನ್ನೂ ಮೂರು ಸಾಲು. ನನ್ನ ಜೀವಮಾನದಲ್ಲಿ ಸಣ್ಣ ಕಂಡಿಕೆ ಕೇಳಿದ ನೇಕಾರರನ್ನು ನಾನು ಕಂಡಿರಲಿಲ್ಲ. ಅಂದಿನಿಂದ ಸಣ್ಣವನ್ನೇ ಸುತ್ತಿದೆ.

ಹೀಗೆ ಹದಿನೈದು ದಿನ ಓದಿದಳು. ಆದರೆ ಹಲಗೆ ಒಂದು ಸಾಲನ್ನೂ ನೀಲಿ ಮಾಡಲಿಲ್ಲ. ಮೊದಲ ಪುಟ ಕಪ್ಪು, ಎರಡನೆಯದು ಕಪ್ಪು, ಮೂರನೆಯದೂ ಕಪ್ಪು. ಶಿವಪುತ್ರ ಬಗ್ಗಿ ನೋಡಿ, "ಕಾಡಗಿ ಹಚ್ಚಿದಂಗ ಐತಿ," ಎಂದು ನಕ್ಕ. ನಾನು ಅವಳನ್ನು ಒಂದೊಂದೇ ಪುಟ ಹೇಳೆಂದು ಕೇಳಿದೆ. ನನ್ನೆದುರು ಕೂತು ಗಿಣಿಯಂತೆ ಹೇಳಿದಳು. ಅಂಕಿ, ದಿನಾಂಕ, ನಿಯಮದ ಸಂಖ್ಯೆ, ಒಂದೂ ತಪ್ಪಿಲ್ಲ. ಹಲಗೆ ಮಾತ್ರ ಒಪ್ಪಲಿಲ್ಲ.

ಹಲಗೆ ಕಂಡದ್ದನ್ನೆಲ್ಲ ಕೇಂದ್ರಕ್ಕೂ ತಿಳಿಸುತ್ತದೆಂದು ನಮಗೆ ಗೊತ್ತಾದದ್ದು ಅಲ್ಲಿಂದ ಕಾಗದ ಬಂದಾಗ. 'ನಿಮ್ಮ ಹಲಗೆಯಲ್ಲಿ ಒಂದು ಸಾಲೂ ಬಣ್ಣಕ್ಕೆ ತಿರುಗಿರುವುದಿಲ್ಲ. ತಾಯಿಯು ಓದಲು ಅಸಮರ್ಥಳೆಂದು ದಾಖಲಾದಲ್ಲಿ ಮಗುವಿನ ಕುರಿತ ತೀರ್ಮಾನದ ಹಕ್ಕು ತಂದೆಗೆ ಸೇರುತ್ತದೆ. ದಾಖಲಿಸುವ ಮುನ್ನ ಒಮ್ಮೆ ಪರೀಕ್ಷೆಗೆ ಹಾಜರಾಗತಕ್ಕದ್ದು.'

ಶಿವಪುತ್ರ ಕಾಗದವನ್ನು ಕೇಳಿಸಿಕೊಂಡು, "ನನ್ನ ಕೈಗೆ ಬಂದ್ರ ಎರಡ ನಿಮಿಷದ ಕೆಲಸ," ಎಂದ. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಮಗಳಿಗೆ ತಡವಾಗುತ್ತಿದೆ ಎಂಬ ಸಂಕಟ ಅವನದು. ದಾನೇಶ್ವರಿ ಆ ದಿನ ಊಟ ಮಾಡಲಿಲ್ಲ. ಆದರೂ ಕಂಡಿಕೆ ತೀರಿದಾಗಲೆಲ್ಲ ಮೂರು ಸಾಲು ಓದಿದಳು.

ಯುಗಾದಿ ಕಳೆದ ವಾರ ಇಬ್ಬರೂ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆವು.

ಕೇಂದ್ರದ ಪರೀಕ್ಷಾ ಕೋಣೆ ಗಾಜಿನದು. ದಾನೇಶ್ವರಿಯನ್ನು ಒಳಗೆ ದೊಡ್ಡ ಹಲಗೆಯೊಂದರ ಮುಂದೆ ಕೂಡಿಸಿದರು. ಹೊರಗೆ ಬೆಂಚಿಲ್ಲದ್ದರಿಂದ ನನ್ನನ್ನು ಗಾಜಿನ ಈಚೆಗೆ, ಪರದೆಗಳಿದ್ದ ಕೋಣೆಯಲ್ಲೇ ಕೂರಿಸಿಕೊಂಡರು. ಅಲ್ಲಿ ಇಬ್ಬರಿದ್ದರು. ಹಲಗೆಯನ್ನು ರೂಪಿಸಿದ ತಂಡದ ಮುಖ್ಯಸ್ಥೆ ಡಾಕ್ಟರ್ ಶಮೀಮ್ ನದಾಫ್, ನಲವತ್ತೈದರ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಇನ್ನೊಬ್ಬ ಪ್ರಣವ್ ಎಂಬ ಎಂಜಿನಿಯರು, ಬೆಂಗಳೂರಿನ ಕಡೆಯ ಮಾತು.

ಪರದೆಯ ಮೇಲೆ ಪುಟದ ಚಿತ್ರ, ಅದರ ಮೇಲೆ ಕಣ್ಣು ಹೋದ ದಾರಿ ಕೆಂಪು ಗೆರೆಯಾಗಿ ಮೂಡುತ್ತಿತ್ತು. ಹೋಲಿಸಲೆಂದು ಪಕ್ಕದಲ್ಲಿ ಬೇರೆ ಯಾರದೋ ಗೆರೆ ಹಾಕಿದ್ದರು. ಅದು ಎಡದಿಂದ ಬಲಕ್ಕೆ ಕುಪ್ಪಳಿಸುತ್ತ ಹೋಗಿ, ತುದಿಯಿಂದ ಒಂದೇ ನೆಗೆತಕ್ಕೆ ಮುಂದಿನ ಸಾಲಿನ ಆರಂಭಕ್ಕೆ ಬೀಳುತ್ತಿತ್ತು. ದಾನೇಶ್ವರಿಯದು ಹಾಗಿರಲಿಲ್ಲ. ಬಲತುದಿಗೆ ಹೋಗಿ, ಅದೇ ಸಾಲಿನ ಮೇಲೆ ಒಂದೇ ಹದದಲ್ಲಿ ಎಡಕ್ಕೆ ಬಂದು, ಒಂದು ಸಾಲು ಕೆಳಗಿಳಿದು, ಮತ್ತೆ ಬಲಕ್ಕೆ.

"ನೋಡಿ ಮೇಡಂ," ಎಂದ ಪ್ರಣವ್. "ಪ್ರತಿ ಸಾಲಲ್ಲೂ ಅರ್ಧ ಹೊತ್ತು ಕಣ್ಣು ಸುಮ್ಮನೆ ಅಲೀತಾ ಇದೆ. ಎಲ್ಲಾ ಪದದ ಮೇಲೂ ಒಂದೇ ಸ್ಪೀಡು. ಮನಸ್ಸು ಇಲ್ಲಿಲ್ಲ. ಹಲಗೆ ಸರಿಯಾಗೇ ಹೇಳಿದೆ."

ನಾನು ಸುಮ್ಮನಿರಬೇಕಿತ್ತೇನೋ. ಆದರೆ ಐವತ್ತು ವರ್ಷ ಕಣ್ಣೆದುರು ಆಡಿದ್ದನ್ನು ಪರದೆಯ ಮೇಲೆ ಕಂಡು ಹೇಗೆ ಸುಮ್ಮನಿರುವುದು?

"ಅಲ್ಯಾಡೂದಲ್ಲಪಾ ಅದು," ಎಂದೆ. "ತಿರುಗಿ ಬರಾಕತ್ತೈತಿ. ಲಾಳಿ ಬರೂದೂ ಹಿಂಗ."

ಶಮೀಮ್ ನನ್ನ ಕಡೆ ತಿರುಗಿದರು. "ನೇಕಾರರೇನ್ರಿ ಅಮ್ಮಾ?"

"ಹೂನ್ರಿ. ನೀವು?"

"ನಮ್ಮಜ್ಜ ಹತ್ತಿ ಹಿಂಜತಿದ್ರು."

"ಹಂಗಾರ ನಿಮ್ಮಜ್ಜ ಹಿಂಜಿದ್ದನ್ನ ನಮ್ಮಾವ ನೇಯ್ದಿರಬೇಕು ತಗೋರಿ."

ಅವರು ನಕ್ಕು, ಪ್ರಣವನಿಗೆ ಯಂತ್ರ ನಿಲ್ಲಿಸಲು ಹೇಳಿ, ಗಾಜಿನ ಬಾಗಿಲು ತೆರೆದು ಒಳಗೆ ಹೋದರು. ನಾನೂ ಹಿಂದೆ ಹೋದೆ. ಕಣ್ಣು ಯಾಕೆ ಹಿಂದಕ್ಕೆ ಬರುತ್ತದೆಂದು ಕೇಳಿದರು. ದಾನೇಶ್ವರಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ತನ್ನ ಕಣ್ಣು ಹಾಗೆ ಮಾಡುತ್ತದೆಂದು ಇನ್ನೊಬ್ಬರಿಗೆ ಕಾಣುತ್ತದೆ ಎಂಬುದೇ ಅವಳಿಗೆ ನಾಚಿಕೆ.

"ನಗಬಾರದು ಮತ್ತ," ಎಂದು ಶುರು ಮಾಡಿದಳು. "ಮಗ್ಗಕ್ಕ ಹಲಗಿ ಕಟ್ಟಿದ ಮೊದಲನೇ ದಿನ, ಒಂದನೇ ಸಾಲು ಎಡಕ್ಕಿಂದ ಓದಿದ್ನಿರಿ. ಎರಡನೇದು ಬಲಕ್ಕಿಂದ ಓದಿದ್ನಿ. ಲಾಳಿ ಅತ್ತಾಗ ಹೋತು, ಇತ್ತಾಗ ಬಂತು, ಹಂಗ. 'ಪಡೆಯತಕ್ಕದ್ದು ಒಪ್ಪಿಗೆಯನ್ನು ಪೋಷಕರ ಮಗುವಿನ' ಅಂತ ಬಂತು. ಸರಕಾರಿ ಕನ್ನಡ ಹಿಂಗ ಇರತೈತೇನೋ ಅಂತ ಎರಡು ದಿನ ಹಂಗ ಓದೇನಿ."

ನಗಬಾರದೆಂದು ಹೇಳಿದ್ದರೂ ಶಮೀಮ್ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪ್ರಣವ್ ಕೂಡ ನಕ್ಕ.

"ಆಮ್ಯಾಲ ತಿಳೀತ್ರಿ, ಇದು ಹಂಗಲ್ಲ ಅಂತ. ಆದ್ರ ಸಾಲಿನ ಆ ತುದಿಂದ ಎಗರಿ ಮುಂದಿನ ಸಾಲಿನ ಈ ತುದಿಗೆ ಬರೂದು ನನಗ ಆಗಂಗಿಲ್ಲ. ಸಾಲಿ ಕಲಿಯೂ ಕಾಲದಿಂದನೂ ನನ್ನ ಮನಸು ಜಾರೂದು ಅಲ್ಲೇರಿ. ಎಗರಿದ್ನೆಂದ್ರ ನಡುವ ಎಲ್ಲೋ ಬಿದ್ದು ಹೋಗತೇನಿ. ಅದಕ್ಕ ಬಂದ ದಾರಿ ಹಿಡಕೊಂಡ ತಿರುಗಿ ಬರತೇನಿ. ಓದಂಗಿಲ್ಲ, ಬರೇ ಬರತೇನಿ. ಖಾಲಿ ಲಾಳಿ ಬಂದಂಗ. ಬಂದು, ಒಂದು ಸಾಲು ಇಳದು, ಮತ್ತ ಹೋಗತೇನಿ."

ಶಮೀಮ್ ನಗು ನಿಲ್ಲಿಸಿದ್ದರು. ಅವಳು ಆಗ ತಾನೇ ಓದಿದ್ದ ಪುಟದಲ್ಲಿ ಏನಿತ್ತೆಂದು ಕೇಳಿದರು. ಅದು ಕೆರೆಯ ಹೂಳಿನ ಬಗ್ಗೆ ಯಾವುದೋ ಪಾಠ. ದಾನೇಶ್ವರಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಪ್ರಣವ್ ಪುಟವನ್ನು ಕೈಯಲ್ಲಿ ಹಿಡಿದು ತಾಳೆ ನೋಡುತ್ತ ಹೋದ. ಅರ್ಧಕ್ಕೆ ಬರುವಷ್ಟರಲ್ಲಿ ಅವನು ನಿಂತುಕೊಂಡಿದ್ದ.

"ಬರೋ ದಾರೀಲಿ ಕಣ್ಣು ಒಂದೇ ಸ್ಪೀಡಲ್ಲಿ ಬರುತ್ತೆ," ಎಂದ ತನ್ನಷ್ಟಕ್ಕೆ. "ಹೋಗೋದು, ಬರೋದು ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ್ದೀವಿ. ಅದಕ್ಕೇ..."

"ಅದಕ್ಕ ನಮ್ಮ ಹಲಗೀಗೆ ಈಕಿ ಓದಿದ್ದು ಕಾಣಲಿಲ್ಲ," ಎಂದರು ಶಮೀಮ್. "ಎಗರಾಕ ಬರದವರು ಇಳಿಯಾಕ ಒಂದು ಮೆಟ್ಟಿಲಾ ಕಟಗೊಂಡ್ರ, ನಾವು ಅದನ್ನ ಅಡ್ಡಾದಿಡ್ಡಿ ತಿರುಗಾಟ ಅಂದಿವಿ. ಇಂಥವರು ಎಷ್ಟು ಮಂದಿ ಇದ್ದಾರೋ."

ಮರಳುವ ದಾರಿಯನ್ನು ಬೇರೆಯಾಗಿ ಎಣಿಸುವಂತೆ ಹಲಗೆಯ ಲೆಕ್ಕವನ್ನು ತಿದ್ದಲು ಅವರಿಗೆ ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ನಾನು ರಾಟೆಯ ಮುಂದಿದ್ದೆ. ಮಗ್ಗದ ಕೆಳಗೆ ಕೂತಿದ್ದ ಇಂಚರಾ ಕಿರುಚಿದಳು.

"ಆಯೀ! ಅವ್ವನ ಪುಟಾ ನೀಲಿ ಆತು!"

ಓಡಿ ಬಂದು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಅಂಚು ಕಟ್ಟಿದಂತೆ ನೀಲಿ. ನಾನೂ ಮೊಮ್ಮಗಳೂ ಕುಣಿದಾಡಿದೆವು. ದಾನೇಶ್ವರಿ ಮಾತ್ರ ಹೊಸ ಕಂಡಿಕೆಯನ್ನು ಲಾಳಿಗೆ ಹಾಕುತ್ತ, "ನಾ ಮೊದಲೂ ಓದಿದ್ನಿರಿ. ಈಗ ಹಲಗೀಗೆ ಗೊತ್ತಾತು, ಅಷ್ಟ," ಎಂದಳು.

ಅದೆಲ್ಲ ನೇರವಾಗಿ ಸಾಗಿತೆಂದು ತಿಳಿಯಬಾರದು. ಆಷಾಢದಲ್ಲಿ ಇಂಚರಾಳಿಗೆ ಜ್ವರ ಬಂದು ಎಂಟು ದಿನ ಮಗ್ಗವೂ ಇಲ್ಲ, ಓದೂ ಇಲ್ಲ. ಜ್ವರ ಬಿಟ್ಟ ಮೇಲೂ ದಾನೇಶ್ವರಿಗೆ ಹಲಗೆಯ ನೆನಪಾಗಲಿಲ್ಲ. ನೇಯುತ್ತಾಳೆ, ಕಂಡಿಕೆ ಹಾಕುತ್ತಾಳೆ, ಹಾಗೆಯೇ ಮುಂದುವರಿಯುತ್ತಾಳೆ. ಹಳೆಯ ಕಾಲದ ನಾನಾಗಿದ್ದರೆ ಬೈದಿರುತ್ತಿದ್ದೆ. ಕಾದೆ. ಮೂರನೆಯ ದಿನ ಹಲಗೆಯ ಮೇಲಿನ ಧೂಳು ಕಣ್ಣಿಗೆ ಬಿದ್ದು, ಸೆರಗಿನಿಂದ ಒರೆಸಿ, ನಿಂತ ಜಾಗಕ್ಕಿಂತ ಮೂರು ಸಾಲು ಹಿಂದಿನಿಂದ ಓದಲು ಹಿಡಿದಳು.

"ಅದನ್ನ ಮೊದಲ ಓದಿದ್ದಿಯಲ್ಲ?" ಎಂದೆ.

"ಹರಿದ ಎಳಿ ಕೂಡಸುವಾಗ ತುದಿಗೆ ತುದಿ ಇಟ್ಟರ ನಿಲ್ಲತೈತೇನ್ರಿ? ಸ್ವಲ್ಪ ಒಂದರ ಮ್ಯಾಲೊಂದು ಬರಬೇಕು."

ತನ್ನನ್ನು ತಾನು ಬೈದುಕೊಳ್ಳಲಿಲ್ಲ, ನೊಂದುಕೊಳ್ಳಲೂ ಇಲ್ಲ. ಐವತ್ತು ವರ್ಷ ಮಗ್ಗದ ಮನೆಯಲ್ಲಿದ್ದ ನನಗೆ, ಮರೆತದ್ದನ್ನೂ ಹಾಗೆ ಕೂಡಿಸಿಕೊಳ್ಳಬಹುದೆಂದು ಹೊಳೆದಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಮಗ್ಗ ತಟಕ್ಕನೆ ನಿಂತಿತು. ಕಂಡಿಕೆ ತೀರಿದ ನಿಲುಗಡೆಯಲ್ಲ, ಅದರ ಸದ್ದೇ ಬೇರೆ.

"ಅತ್ತಿ, ಇಪ್ಪತ್ಮೂರನೇ ಪುಟ ನೀವು ಓದೀರೇನು?"

"ಓದೇನಲಾ. ಎಲ್ಲಾ ಓದೇನಿ."

"ಇಲ್ಲಿ ಬರ್ರಿ."

ಕನ್ನಡಕ ಹಾಕಿಕೊಂಡು ಓದಿದೆ. 'ಎರಡನೆಯ ಹಂತದಲ್ಲಿ, ಓದಿ ಮುಗಿಸಿದ ಭಾಗವು ತಾನಾಗಿಯೇ ಅಳಿಸಿಹೋಗುವುದರಿಂದ, ದೃಷ್ಟಿಯು ಹಿಂದಕ್ಕೆ ಸರಿಯುವ ದುರಭ್ಯಾಸವು ತಪ್ಪಿ, ಮಗುವಿನ ವಾಚನವು ಸದಾ ಮುಮ್ಮುಖವಾಗುತ್ತದೆ.'

ನಾನಿದನ್ನು ಓದಿದ್ದೆ. ಓದಿ, ಎಂಥ ಒಳ್ಳೆಯ ಉಪಾಯವೆಂದುಕೊಂಡು ಪುಟ ತಿರುಗಿಸಿದ್ದೆ. ಒಂದು ಮಧ್ಯಾಹ್ನಕ್ಕೆ ಮೂವತ್ತನಾಲ್ಕು ಪುಟ ಓದಿದ ನನ್ನ ಕಣ್ಣು ಸರಕ್ಕನೆ ಜಾರಿಹೋಗಿದ್ದ ಜಾಗದಲ್ಲಿ ಅವಳು ಲಾಳಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

"ಬಂದ ದಾರಿ ಅಳಿಸಿ ಹೋದ್ರ ನಾ ಎಲ್ಲಿ ಹಿಡಕೊಂಡ ಬರ್ಲಿ?" ಎಂದಳು. "ನಂದು ಹೋಗ್ಲಿ, ಇಂಚರಾ?"

ಮಗಳನ್ನು ಕರೆದು ಪುಸ್ತಕ ಕೊಟ್ಟು ಎದುರಿಗೆ ಕೂಡಿಸಿಕೊಂಡಳು. ಇಬ್ಬರೂ ಬಗ್ಗಿ ಆ ಪುಟ್ಟ ಕಣ್ಣುಗಳನ್ನೇ ನೋಡಿದೆವು. ಬಲಕ್ಕೆ ಹೋದವು. ಮೆಲ್ಲಗೆ ಎಡಕ್ಕೆ ಬಂದವು. ಒಂದು ಸಾಲು ಇಳಿದವು. ಹುಟ್ಟಿದಾಗಿನಿಂದ ಮಗ್ಗದ ಕೆಳಗೆ ಕೂತು ಲಾಳಿಯನ್ನೇ ನೋಡುತ್ತ ಬೆಳೆದ ಮಗು. ಇನ್ನೇನು ಮಾಡೀತು?

ಅದೇ ವಾರ ಶಾಲೆಯಲ್ಲಿ ಎರಡನೆಯ ಹಂತದ ಹಲಗೆಯನ್ನು ಎಲ್ಲ ಮಕ್ಕಳಿಗೂ ಒಂದು ದಿನ ತೋರಿಸಿದರು. ಬಹಳ ಮಕ್ಕಳು ಚೆನ್ನಾಗಿಯೇ ಓದಿದವಂತೆ. ಅದನ್ನೂ ಹೇಳಬೇಕು, ಹಲಗೆ ಕೆಟ್ಟದ್ದಲ್ಲ. ಪಕ್ಕದ ಮನೆಯ ಹುಡುಗಿ ಹೋದ ವರ್ಷ ಒಂದು ಪುಟಕ್ಕೆ ಅಳುತ್ತಿದ್ದವಳು, ಈಗ ಓದಲು ಕತೆ ಪುಸ್ತಕ ಒಯ್ಯಲು ನಮ್ಮ ಮನೆಗೆ ಬರುತ್ತಿದ್ದಳು. ಆದರೆ ನಮ್ಮ ಇಂಚರಾ ಚೀಲವನ್ನು ಮೂಲೆಗೆ ಎಸೆದು ಕೂತಳು.

"ಅದು ಸಾಲು ತಿಂದಬಿಡತೈತವ್ವಾ! ನಾ ತಿರುಗಿ ಬರೂದ್ರಾಗ ಎಲ್ಲಾ ಬೆಳ್ಳಗ. ಆಮ್ಯಾಲ ನಾ ಎಲ್ಲಿ ಇದ್ನಿ ಅಂತ ನನಗ ಗೊತ್ತಾಗಲಿಲ್ಲ. ಟೀಚರು ಕೇಳೂ ಕ್ಲಾಸಿಗೆ ಹೋಗು ಅಂದ್ರು."

ದಾನೇಶ್ವರಿ ಅಲ್ಲಿಯೇ ನಿಂತು ಶಮೀಮರಿಗೆ ಫೋನು ಮಾಡಿದಳು. ಪುಟದ ಸಂಖ್ಯೆ ಹೇಳಿ, ಆ ಸಾಲನ್ನು ಓದಿ, ಮಗಳ ಮಾತನ್ನು ಮಗಳು ಹೇಳಿದಂತೆಯೇ ಹೇಳಿದಳು. ಆ ಕಡೆ ಪುಟ ತಿರುವುವ ಸಪ್ಪಳ ಕೇಳಿತು.

"ಆ ಪುಟ ನಾನ ಬರದೇನಿ," ಎಂದರು ಶಮೀಮ್ ಕೊನೆಗೆ. "ಏಪ್ರಿಲ್‌ದಾಗ ನಿಮ್ಮ ಗೆರಿ ನೋಡಿ ಅಷ್ಟು ಖುಷಿ ಪಟ್ಟಾಕಿಗೆ, ನಾ ಬರದದ್ದ ನೆನಪಾಗಲಿಲ್ಲ. ಈಗ ಅದು ಸಮಿತಿ ಕೈಯಾಗೈತಿ. ನಾ ಒಬ್ಬಾಕಿ ತಿದ್ದಾಕ ಬರಂಗಿಲ್ಲ. ದಾನೇಶ್ವರಿ, ನೀವು ಪತ್ರ ಮುಗಿಸ್ರಿ. ಕೊನೀತನಕಾ ಓದ್ರಿ."

ಮುಂದಿನ ಪುಟಗಳಲ್ಲಿ ಯಾವುದೋ ದಾರಿಯಿದೆಯೆಂದು ಸುಳಿವು ಕೊಟ್ಟಂತಿತ್ತು. ಅವಳು ಮೂರು ಸಾಲಿನ ಲೆಕ್ಕ ಬಿಡದೆ, ಅವಸರ ಮಾಡದೆ ಮುಂದುವರಿದಳು. ಇಪ್ಪತ್ತೊಂಬತ್ತನೆಯ ಪುಟದಲ್ಲಿ ಅದು ಸಿಕ್ಕಿತು. ಒಪ್ಪಿಗೆ ಪತ್ರವನ್ನು ಪೂರ್ಣವಾಗಿ ಓದಿದ ಪೋಷಕರು ಕಾಗದದ ಮೇಲೆ ಆಕ್ಷೇಪಣೆ ಬರೆದು ಗಡುವಿನೊಳಗೆ ಟಪಾಲಿಗೆ ಹಾಕಿದಲ್ಲಿ, ಅದರ ತೀರ್ಮಾನವಾಗುವವರೆಗೆ ಮಗುವನ್ನು ಓದುವ ತರಗತಿಯಿಂದ ಕದಲಿಸುವಂತಿಲ್ಲ, ಅಳಿಸುವ ಹಂತವನ್ನೂ ಆ ಮಗುವಿನ ಹಲಗೆಯಲ್ಲಿ ಶುರು ಮಾಡುವಂತಿಲ್ಲ. ಓದಿದ್ದಕ್ಕೆ ಹಲಗೆಯ ನೀಲಿಯೇ ಸಾಕ್ಷಿ. ಆ ನಿಯಮವನ್ನು ಅದುವರೆಗೆ ಯಾರೂ ಬಳಸಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಯಾವ ತಾಯಿ-ತಂದೆಯೂ ಅದನ್ನು ಓದಿರಲಿಲ್ಲ, ಓದಿದ್ದ ನನ್ನ ಕಣ್ಣೂ ಅಲ್ಲಿ ನಿಂತಿರಲಿಲ್ಲ.

ಮೂವತ್ತನಾಲ್ಕನೆಯ ಪುಟ ನೀಲಿಯಾದಾಗ ದಸರಾ ರಜೆಗೆ ಎಂಟು ದಿನ ಉಳಿದಿತ್ತು.

ಬರೆಯುವುದು ಓದುವುದಕ್ಕಿಂತ ಕಷ್ಟವಾಯಿತು. ಅವಳ ಮೊದಲ ಕಾಗದ ಆಕ್ಷೇಪಣೆಯಿಂದ ಶುರುವಾಗಿ ಹಾಸಿನ ಗಂಜಿಯವರೆಗೆ ಹೋಗಿತ್ತು. ಎರಡನೆಯದರಲ್ಲಿ ಶಿವಪುತ್ರನ ಮೇಲಿನ ದೂರೂ ಸೇರಿತ್ತು. ನಾನು ಬರೆದುಕೊಡಲೇ ಎಂದು ಈ ಸಲ ಕೇಳಲಿಲ್ಲ. ಅವಳು ಮತ್ತೆ ಮಗ್ಗಕ್ಕೆ ಹೋಗಿ ಕೂತಳು. ಕಂಡಿಕೆ ತೀರಿದಾಗೊಮ್ಮೆ ಒಂದೇ ವಾಕ್ಯ. ಆರು ದಿನ ಹಿಡಿಯಿತು. ಏಳನೆಯ ದಿನ ಅದನ್ನು ಗಂಡನ ಮುಂದಿಟ್ಟಳು.

ಅವನು ಅಭ್ಯಾಸಬಲದಿಂದ ಕಿವಿಯ ಗುಂಡಿಗೆ ಕೈ ಹಾಕಿದ. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಕೇಳಬ್ಯಾಡ್ರಿ. ಓದ್ರಿ."

"ಎಷ್ಟು ವರ್ಷಾತಲೇ ನಾ ಓದಿ..."

"ಬರ್ರಿ, ನಿಧಾನ ಬರ್ರಿ. ಯಾರೂ ಬೆನ್ನ ಹತ್ತಿಲ್ಲ."

ಶಿವಪುತ್ರ ಬೆರಳಿಟ್ಟು, ತುಟಿಯಾಡಿಸುತ್ತ, ತಡವರಿಸುತ್ತ ಓದಿದ:

'ಸಮಿತಿಯವರಿಗೆ ದಾನೇಶ್ವರಿಯ ನಮಸ್ಕಾರ. ನಾನು ನಿಮ್ಮ ಪತ್ರವನ್ನು ಪೂರ್ತಿ ಓದಿದ್ದೇನೆ. ನಿಮ್ಮ ಹಲಗೆ ನನಗೆ ಉಪಕಾರ ಮಾಡಿದೆ, ನನ್ನ ಮಗಳೂ ಅದರಲ್ಲೇ ಕಲಿಯಲಿ. ಆದರೆ ಓದಿದ್ದನ್ನು ಅಳಿಸಬೇಡಿ. ಹಿಂದಕ್ಕೆ ಬರುವ ಕಣ್ಣೆಲ್ಲ ದಾರಿ ತಪ್ಪಿದ ಕಣ್ಣಲ್ಲ. ನನ್ನ ಮಗಳು ಮುಂದಿನ ಸಾಲಿಗೆ ಹೋಗುವುದು ಹಿಂದಿನ ಸಾಲನ್ನು ಹಿಡಿದುಕೊಂಡು. ಇಂಥ ಮಕ್ಕಳು ಬೇರೆ ಊರುಗಳಲ್ಲೂ ಇರಬಹುದು. ಅಳಿಸುವ ಮುನ್ನ ಅವರ ಕಣ್ಣುಗಳನ್ನು ಒಮ್ಮೆ ಕೂತು ನೋಡಿ. ನಾನು ತಡ ಮಾಡಿದ್ದೇನೆ, ಕ್ಷಮೆ ಇರಲಿ. ನಾನು ಓದುವುದೇ ಇಷ್ಟು ನಿಧಾನ.'

ಓದಿ ಮುಗಿಸಿದವನು ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟ. "ಎರಡ ನಿಮಿಷದ ಕೆಲಸ ಅಂದಿದ್ನಿ," ಎಂದ. "ಸೈಕಲ್ಲು ತಗೀತೇನಿ, ನಡಿ. ಟಪಾಲ ಕಚೇರಿ ಮುಚ್ಚತೈತಿ."

ನಾನೂ ಇಂಚರಾಳ ಕೈ ಹಿಡಿದು ನಡೆದುಕೊಂಡೇ ಹೋದೆ. ಅಷ್ಟರಲ್ಲಿ ಅವರು ಕಿಟಕಿಯ ಮುಂದೆ ನಿಂತಾಗಿತ್ತು. ಕೈಬರಹದ ಕಾಗದ ಕಳಿಸುವವರು ಅಲ್ಲಿಗೆ ಬರುವುದೇ ಅಪರೂಪ. ರಿಜಿಸ್ಟರ್ ಮಾಡುವ ಗುಮಾಸ್ತ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅರ್ಜೆಂಟ್ ಏನ್ರೀ ಅಕ್ಕಾರ? ನಾಳಿ ಕಳಿಸಿದ್ರ ನಡೀತೈತೇನು?"

"ಹನ್ನೊಂದು ತಿಂಗಳಾತ್ರಿ," ಎಂದಳು ದಾನೇಶ್ವರಿ. "ಇವತ್ತ ಹೋಗ್ಲಿ."

ಅವನು ಮುದ್ರೆ ಒತ್ತಿ, ಕಟ್ಟುತ್ತಿದ್ದ ಚೀಲದ ಬಾಯಿಯನ್ನು ಮತ್ತೆ ಬಿಚ್ಚಿ, ಲಕೋಟೆಯನ್ನು ಒಳಗೆ ಹಾಕಿದ.